ಝುಮ್ರೆತಾಳ ಏಳುವ ಕಾಫಿ

ನಾನು ಕ್ಷೌರಿಕ, ಹೆಸರು ಚಾಮಿಲ್. ಮೂವತ್ತೆಂಟು ವರ್ಷದಿಂದ ನಮ್ಮೂರು ಸುಹಾಡೋಲಿನ ಗಂಡಸರ ಗಡ್ಡ ತೆಗೆದು ಹೊಟ್ಟೆ ಹೊರೆದುಕೊಂಡು ಬಂದಿದ್ದೇನೆ. ಆದ್ದರಿಂದ ಗಡ್ಡ ಬಿಟ್ಟವರ ಬಗ್ಗೆ ನಾನು ಹೇಳುವ ಮಾತನ್ನು ಸ್ವಲ್ಪ ತಗ್ಗಿಸಿಕೊಂಡೇ ನಂಬಿ. ಅದರಲ್ಲಿ ನನ್ನ ಹೊಟ್ಟೆಪಾಡಿನ ಸಿಟ್ಟೂ ಬೆರೆತಿರುತ್ತದೆ. ಆದರೆ ಈಗ ಹೇಳಹೊರಟಿರುವುದು ನನ್ನ ವಿಷಯವಲ್ಲ, ನನ್ನ ಪಕ್ಕದ ಮನೆಯ ಝುಮ್ರೆತಾಳ ವಿಷಯ.

ಝುಮ್ರೆತಾ ಇಪ್ಪತ್ತೇಳು ವರ್ಷ ಕಾಲುಚೀಲದ ಕಾರ್ಖಾನೆಯಲ್ಲಿ ಹಿಮ್ಮಡಿ ಹೆಣೆಯುವ ಯಂತ್ರದ ಮುಂದೆ ನಿಂತವಳು. ಹಳೇ ಯುಗೊಸ್ಲಾವಿಯಾದ ಅರ್ಧ ಸೈನ್ಯ ಅವಳು ಹೆಣೆದ ಹಿಮ್ಮಡಿಯ ಮೇಲೇ ನಡೆದಾಡಿತ್ತು. ಆ ದೇಶ ಯಾಕೆ ಒಡೆದು ಚೂರಾಯಿತು ಎಂದು ದೊಡ್ಡ ದೊಡ್ಡವರು ದಪ್ಪ ಪುಸ್ತಕ ಬರೆದಿದ್ದಾರೆ. ಝುಮ್ರೆತಾಳನ್ನು ಕೇಳಿದರೆ ಒಂದೇ ಮಾತು: "ಹಿಮ್ಮಡಿ ಗಟ್ಟಿಯಾಗಿತ್ತು ಕಣೋ. ಕೆಟ್ಟಿದ್ದು ತಲೆ."

ಯಂತ್ರಗಳ ಗದ್ದಲದಲ್ಲಿ ಕೂಗಿ ಕೂಗಿ ಮಾತಾಡಿ ರೂಢಿಯಾದವಳು, ಕಾರ್ಖಾನೆಗೆ ಬೀಗ ಬಿದ್ದ ಮೇಲೂ ದನಿ ಇಳಿಸಲಿಲ್ಲ. ಅವಳು ಅಡುಗೆಮನೆಯಲ್ಲಿ ನಿಂತು ಗುಟ್ಟು ಹೇಳಿದರೆ ನನ್ನ ಅಂಗಡಿಯ ಗಿರಾಕಿ ಕುರ್ಚಿಯಲ್ಲೇ ತಲೆ ಆಡಿಸುತ್ತಿದ್ದ, ನನ್ನ ಕತ್ತರಿ ಕಿವಿಗೆ ತಾಗುತ್ತಿತ್ತು. ಅವಳ ಗಂಡ ವೆಹ್ಬಿಯಾ ಮಿತಭಾಷಿ ಎಂದು ಊರೆಲ್ಲ ಹೊಗಳುತ್ತಿತ್ತು. ಪಾಪ, ಅವನಿಗೆ ಅವಕಾಶವೇ ಸಿಕ್ಕಿರಲಿಲ್ಲ. ಅವನು ಹೃದಯ ನಿಂತು ತೀರಿಕೊಂಡ. ಅದಕ್ಕೂ ಮೊದಲೇ ಅಳಿಯ ಯುದ್ಧದಲ್ಲಿ ಹೋಗಿದ್ದ. ಮಗಳು ಆಸ್ಟ್ರಿಯಾದ ಗ್ರಾಜ್‌ನಲ್ಲಿ ಹೋಟೆಲಿನ ಹಾಸಿಗೆ ಹಾಸುವ ಕೆಲಸಕ್ಕೆ ಸೇರಿದಳು. ಉಳಿದವನು ಮೊಮ್ಮಗ ಮಿರ್ನೆಸ್. ಮೂರು ವರ್ಷದ ಕೂಸಾಗಿದ್ದವನನ್ನು ಇಪ್ಪತ್ತೆರಡರ ತನಕ ಬೆಳೆಸಿದವಳು ಅಜ್ಜಿಯೇ.

ಝುಮ್ರೆತಾಳ ನಿಜವಾದ ಕೀರ್ತಿ ಕಾಫಿಯದು. ನಮ್ಮ ಬೊಸ್ನಿಯಾದಲ್ಲಿ ಮನೆಗೆ ಬಂದವರಿಗೆ ಕಾಫಿ ಮೂರು ಬಗೆ. ಬಂದೊಡನೆ ಕೊಡುವುದು ಬಂದ ಕಾಫಿ. ಆಮೇಲಿನದು ಮಾತಿನ ಕಾಫಿ, ಅದು ಎಷ್ಟು ಸಲ ಬೇಕಾದರೂ ಬರಬಹುದು. ಕಡೆಯದು ಏಳುವ ಕಾಫಿ. ತಳದ ಗಸಿಗೆ ನೀರು ಹೊಯ್ದು ಕುದಿಸಿದ, ಬಟ್ಟಲಿನ ತಳ ಕಾಣುವಷ್ಟು ತೆಳ್ಳಗಿನ ಕಾಫಿ. ಅದು ಕೈಗೆ ಬಂತೆಂದರೆ ಕುಡಿದು, ವಂದಿಸಿ, ಚಪ್ಪಲಿ ಮೆಟ್ಟಬೇಕು. ಅದು ಬರುವ ಮೊದಲೇ ಎದ್ದರೆ ಮನೆಯವರಿಗೆ ಅವಮಾನ, ಬಂದ ಮೇಲೂ ಕೂತರೆ ನಿಮಗೆ ಅವಮಾನ. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಕಾಫಿ ಕುಡಿಯುವ ವಯಸ್ಸು ಬಂದಾಗ ತಾನಾಗಿ ತಿಳಿಯುತ್ತದೆ.

ಈ ಪದ್ಧತಿ ಝುಮ್ರೆತಾಳ ಕೈಯಲ್ಲಿ ಒಂದು ಆಯುಧ. ಒಮ್ಮೆ ಚುನಾವಣೆಗೆ ಎರಡು ದಿನ ಇರುವಾಗ ಒಂದು ಪಕ್ಷದ ಮನುಷ್ಯ ಕರಪತ್ರ ಹಿಡಿದು ಬೆಳಿಗ್ಗೆ ಹತ್ತಕ್ಕೆ ಅವಳ ಬಾಗಿಲು ತಟ್ಟಿದ. ಅವಳು ಮಾತಿನ ಕಾಫಿಯ ಮೇಲೆ ಮಾತಿನ ಕಾಫಿ ಕೊಟ್ಟಳು. ಏಳುವ ಕಾಫಿಯ ಸುಳಿವೇ ಇಲ್ಲ. ಅವನು ಗಡಿಯಾರ ನೋಡಿದ, ಕೆಮ್ಮಿದ, ಮೂರು ಸಲ ಬಚ್ಚಲಿಗೆ ಹೋಗಿಬಂದ. ಸಂಜೆ ಆರಕ್ಕೆ ಬಿಡುಗಡೆಯಾದಾಗ ಅವನಿಲ್ಲದೆಯೇ ಅವನ ಎರಡು ಸಭೆಗಳು ಮುಗಿದುಹೋಗಿದ್ದವು. ಆ ಸಲ ನಮ್ಮ ಕೇರಿಯಲ್ಲಿ ಅವರ ಪಕ್ಷ ಸೋತಿತು.

ಇನ್ನು ಮಿರ್ನೆಸ್. ಅವನು ವಿದ್ಯುತ್ ಕೆಲಸ ಕಲಿತ ಹುಡುಗ. ಹೊಳೆಯ ಮೇಲಿನ ಸಣ್ಣ ವಿದ್ಯುತ್ ಕೇಂದ್ರದಲ್ಲಿ ಕೆಲಸ ಖಾಲಿಯಿದೆ ಎಂದಾಗ ಅರ್ಜಿ ಹಾಕಿದ, ಪರೀಕ್ಷೆಯಲ್ಲಿ ಮೊದಲಿಗನಾದ. ಕೆಲಸ ಮಾತ್ರ ದೊಡ್ಡವರೊಬ್ಬರ ಸೋದರಳಿಯನಿಗೆ ಸಿಕ್ಕಿತು. ಅದಾದರೂ ನುಂಗಿಕೊಳ್ಳಬಹುದಿತ್ತು. ಒಂದು ತಿಂಗಳ ಮೇಲೆ ಆ ಸೋದರಳಿಯ ಮಿರ್ನೆಸ್‌ಗೆ ಫೋನ್ ಮಾಡಿ, "ಮಾರಾಯ, ಇಲ್ಲೊಂದು ಬಲ್ಬು ಹೋಗಿದೆ, ಬಂದು ಹಾಕಿಕೊಟ್ಟು ಹೋಗ್ತೀಯಾ?" ಎಂದು ಕೇಳಿದ. ಊರು ಒಂದು ವಾರ ನಕ್ಕಿತು. ನಾನೂ ನಕ್ಕೆ. ಅಂಗಡಿಗೆ ಬಂದವರಿಗೆಲ್ಲ ಆ ಬಲ್ಬಿನ ಕಥೆ ಹೇಳಿದವನು ನಾನೇ. ಆಮೇಲೆ ಮಿರ್ನೆಸ್ ಪ್ರೀತಿಸುತ್ತಿದ್ದ ಹುಡುಗಿ ಜರ್ಮನಿಯ ನಂಬರ್ ಹಲಗೆಯ ಕಾರಿನವನೊಬ್ಬನನ್ನು ಮದುವೆಯಾಗಿ ಹೋದಳು. ಹುಡುಗ ಬೆಳಗಿನಿಂದ ಸಂಜೆಯ ತನಕ ಬೆಟ್ಟಿಂಗ್ ಅಂಗಡಿಯ ಮುಂದೆ ಇನ್ನಿಬ್ಬರ ಜೊತೆ ಕೂರತೊಡಗಿದ.

ಆ ಇನ್ನಿಬ್ಬರಲ್ಲಿ ಒಬ್ಬ ರಿಫೆತ್. ದಪ್ಪ ಹುಡುಗ. ಶಾಲೆಯಲ್ಲಿದ್ದಾಗಿನಿಂದ ಅವನನ್ನು ಎಲ್ಲರೂ "ಬನ್ನು" ಎಂದೇ ಕರೆಯುತ್ತಿದ್ದರು, ಮೇಷ್ಟ್ರೂ ಸೇರಿ. ಇನ್ನೊಬ್ಬ ಆಯ್ದಿನ್. ಅವನ ತಾಯಿ ಮನೆಯಲ್ಲಿ ಕೂತು ಬೂಟಿನ ಚರ್ಮ ಹೊಲಿಯುತ್ತಿದ್ದಳು. ತಂದೆ ಸ್ಲೊವೇನಿಯಾದಲ್ಲಿ ಇನ್ನೊಂದು ಸಂಸಾರ ಹೂಡಿದ್ದ. ಆಯ್ದಿನ್ ಬಗ್ಗೆ ಇದಕ್ಕಿಂತ ಹೆಚ್ಚು ನನಗೆ ಗೊತ್ತಿರಲಿಲ್ಲ, ಯಾಕೆಂದರೆ ಅವನು ಮಾತಾಡುತ್ತಿರಲಿಲ್ಲ. ಮೂವರೂ ದಿನಾ ಝುಮ್ರೆತಾಳ ಮನೆಗೆ ಬಂದು ಕಾಫಿ ಕುಡಿದು ಹೋಗುತ್ತಿದ್ದರು. ಅವಳು ಅವರಿಗೆ ಹೇಳುತ್ತಿದ್ದುದು ಎರಡೇ ಮಾತು: "ತಿನ್ನಿ", "ಎಲ್ಲಾದ್ರೂ ಕೆಲ್ಸ ಹುಡುಕ್ರೋ".

ಅಂಥ ಹೊತ್ತಿಗೆ ವಿಯೆನ್ನಾದಿಂದ ಸೆನಾದ್ ಬಂದ. ಒಂಬತ್ತು ವರ್ಷದವನಿದ್ದಾಗ ಯುದ್ಧಕ್ಕೆ ಹೆದರಿ ಚಿಕ್ಕಪ್ಪನ ಜೊತೆ ಊರು ಬಿಟ್ಟವನು, ಮೂವತ್ತಾದ ಮೇಲೆ ಇನ್ನೊಂದು ಯುದ್ಧಕ್ಕೆ ಆಳು ಹುಡುಕಿಕೊಂಡು ಬಂದಿದ್ದ. ಅದು ನಮಗೆ ಆಮೇಲೆ ತಿಳಿಯಿತು. ಆಗ ಕಂಡದ್ದು ಎದೆಯುದ್ದದ ಗಡ್ಡ, ಮೊಣಕಾಲಿನ ತನಕ ಲೇಸು ಕಟ್ಟುವ ಬೂಟು, ಬಿಳಿ ವ್ಯಾನು, ಮತ್ತೆ ನಮ್ಮ ಯಾರ ನಾಲಗೆಗೂ ಹೊರಳದ ಒಂದು ಉದ್ದನೆಯ ಹೊಸ ಹೆಸರು. ಝುಮ್ರೆತಾ ಅವನನ್ನು ಅವನ ತಾಯಿಯ ಹೆಸರು ಹಿಡಿದು "ಫಾದಿಲಾಳ ಸೆನಾದ್" ಎಂದಲ್ಲದೆ ಬೇರೆ ಹೆಸರಿನಿಂದ ಕರೆಯಲೇ ಇಲ್ಲ.

ಅವನು ಬಂದವನೇ ನಮಗೆ ಧರ್ಮ ಕಲಿಸತೊಡಗಿದ. ಪ್ರವಾದಿಯ ಹುಟ್ಟನ್ನು ಹಾಡುವ ಮೌಲಿದ್ ಓದುವುದು ತಪ್ಪು, ಗೋರಿಯ ಹತ್ತಿರ ಹೋಗುವುದು ತಪ್ಪು, ನಮ್ಮ ಮುದಿ ಇಮಾಮರ ಪಾಠವೂ ತಪ್ಪು. ಐದು ಹೊತ್ತೂ ತಪ್ಪದೆ ನಮಾಜು ಮಾಡುವ ಝುಮ್ರೆತಾ ಅವನನ್ನು ಬೀದಿಯಲ್ಲೇ ನಿಲ್ಲಿಸಿ ಹೇಳಿದಳು: "ನಿಮ್ಮಮ್ಮನ ಗೋರಿ ಮೇಲಿನ ಕಳೆ ಹದಿನೈದು ವರ್ಷದಿಂದ ನಾನು ಕೀಳ್ತಿದ್ದೀನಿ. ತಪ್ಪಾದ್ರೆ ನಾಳೆಯಿಂದ ನೀನೇ ಬಂದು ಕೀಳು." ಅವನು ಕಾಫಿಯೊಂದನ್ನು ಮಾತ್ರ ತಪ್ಪು ಎನ್ನಲಿಲ್ಲ. ಅಂದಿದ್ದರೆ ಇಡೀ ಬೊಸ್ನಿಯಾದಲ್ಲಿ ಅವನ ಹಿಂದೆ ಒಂದು ನಾಯಿಯೂ ಹೋಗುತ್ತಿರಲಿಲ್ಲ.

ಹುಡುಗರು ಹೋದರು. ಮೂರೂ ಗಡ್ಡ ಬೆಳೆದವು. ಆಯ್ದಿನ್‌ನದಕ್ಕೆ ಗಡ್ಡ ಎನ್ನಬಹುದಾದರೆ ಗಡ್ಡ, ಹದಿನೇಳು ಕೂದಲಿದ್ದವು. ನಾನು ಅಂಗಡಿಯ ಬಾಗಿಲಲ್ಲಿ ನಿಂತು ಗೇಲಿ ಮಾಡಿದೆ. ಆದರೆ ಸೆನಾದ್ ಮಾಡಿದ್ದೇನು ಗೊತ್ತೆ? ಮಿರ್ನೆಸ್‌ನನ್ನು "ನಮ್ಮ ಸಂಪರ್ಕ ವ್ಯವಸ್ಥೆಯ ಮುಖ್ಯಸ್ಥ" ಎಂದು ಕರೆದ. ಬನ್ನು ರಿಫೆತ್‌ನನ್ನು "ಸಿಂಹ" ಎಂದ. ಆಯ್ದಿನ್‌ನನ್ನು ದಿನಾ ಸಂಜೆ ಮನೆಯ ತನಕ ಜೊತೆಗೆ ನಡೆದು ಬಿಟ್ಟುಬಂದ. ಇಷ್ಟೇ. ಇದಕ್ಕೆ ದುಡ್ಡೂ ಬೇಕಿರಲಿಲ್ಲ, ವಿದ್ಯೆಯೂ ಬೇಕಿರಲಿಲ್ಲ. ನಾವು ಯಾರು ಬೇಕಾದರೂ ಮಾಡಬಹುದಿತ್ತು. ಅದನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಮೇ ತಿಂಗಳ ಒಂದು ಬುಧವಾರ ರಿಫೆತ್ ನನ್ನ ಅಂಗಡಿಗೆ ಬಂದು ಕುರ್ಚಿಯ ಪಕ್ಕ ನಿಂತ.

"ಚಾಮಿಲ್ ಮಾಮ, ನಾಳೆ ಜರ್ಮನಿಗೆ ಹೋಗ್ತಿದ್ದೀವಿ. ಟೈಲ್ಸ್ ಹಾಕೋ ಕೆಲ್ಸ. ಸೆನಾದಣ್ಣನ ವ್ಯಾನಲ್ಲಿ, ಸಂಜೆ ಐದಕ್ಕೆ."

"ಒಳ್ಳೇದಾಯ್ತು, ಹೋಗ್ಬಾ."

"ನಾನೇನಾದ್ರೂ ತಪ್ಪು ಮಾಡಿದ್ರೆ ಮನ್ನಿಸಿಬಿಡಿ ಮಾಮ" ಎಂದವನ ಗಡ್ಡ ನಡುಗುತ್ತಿತ್ತು.

ನಾನು ಬಾಚಣಿಗೆ ಕೆಳಗಿಟ್ಟೆ. ನಮ್ಮಲ್ಲಿ ಹಾಗೆ ಮನ್ನಿಸಿ ಎಂದು ಕೇಳಿಕೊಳ್ಳುವುದು ಮೆಕ್ಕಾಗೆ ಹೊರಟವರು, ಇಲ್ಲ ಹಾಸಿಗೆ ಹಿಡಿದವರು, ಇಲ್ಲ ಯುದ್ಧಕ್ಕೆ ಹೊರಟವರು. ಜರ್ಮನಿಗೆ ಟೈಲ್ಸ್ ಹಾಕಲು ಹೋಗುವವನು ಕ್ಷೌರಿಕನ ಹತ್ತಿರ ಕ್ಷಮೆ ಕೇಳುವುದಿಲ್ಲ. ನಮ್ಮ ಕಡೆಯ ಹುಡುಗರು ಸಿರಿಯಾದ ಯುದ್ಧಕ್ಕೆ ಹೋಗುತ್ತಿರುವ ಸುದ್ದಿ ದಿನಾ ಟಿವಿಯಲ್ಲಿ ಬರುತ್ತಿತ್ತು. ಅಂಗಡಿಯ ಬಾಗಿಲು ಎಳೆದುಕೊಂಡು ಝುಮ್ರೆತಾಳ ಮನೆಗೆ ಓಡಿದೆ.

ಇದ್ದದ್ದನ್ನು ಹೇಳಿದೆ. ನಾನು ಪೊಲೀಸ್ ಠಾಣೆಗೆ ಹೋಗೋಣ ಎಂದೆ.

"ಠಾಣೆಗೆ ಹೋದ್ರೆ ಒಳಗೆ ಹಾಕ್ತಾರೆ. ಒಳಗೆ ಇಂಥ ಸೆನಾದ್‌ಗಳು ಹತ್ತು ಜನ ಇರ್ತಾರೆ" ಎಂದಳು. "ಅಳಿಯನ್ನ ಕಳ್ಕೊಂಡಿದ್ದೀನಿ. ಇವನನ್ನೂ ಕಳ್ಕೊಂಡ್ರೆ ನಾನು ಯಾಕೆ ಬದುಕಿರ್ಬೇಕು ಹೇಳು, ಕತ್ತರಿ?" ಅವಳು ನನ್ನನ್ನು ಯಾವಾಗಲೂ ಕತ್ತರಿ ಎಂದೇ ಕರೆಯುವುದು. ಆಮೇಲೆ ಸೆರಗಿನಂತೆ ಇಳಿಬಿದ್ದ ತಲೆವಸ್ತ್ರ ಬಿಗಿದು ಕಟ್ಟಿಕೊಂಡು ಕೇಳಿದಳು: "ಐದಕ್ಕೆ ಅಂದ್ಯಲ್ಲ?"

"ಐದಕ್ಕೆ."

"ಕಾಫಿಬೀಜ ಎರಡು ಕಿಲೋ ತಂದುಕೊಡು."

ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಸೆನಾದ್ ಸೇರಿ ನಾಲ್ವರೂ ಅವಳ ಮನೆಯಲ್ಲಿದ್ದರು. ದೂರ ಹೊರಟವರು ಅಜ್ಜಿಯ ಮನೆಯಲ್ಲಿ ಕಾಫಿ ಕುಡಿಯದೆ ಹೋಗುವುದುಂಟೆ ಎಂದು ಅವಳು ಕರೆಸಿದ್ದಳು. ಅನುಮಾನ ಬರಬಾರದೆಂದು ಸೆನಾದ್ ಒಪ್ಪಿದ್ದ. ಬೂಟಿನ ಲೇಸು ಬಿಚ್ಚಲು ಅವನಿಗೆ ಆರು ನಿಮಿಷ ಹಿಡಿಯಿತು. ಗೋಡೆಗುಂಟ ಹಾಕಿದ್ದ ಮರದ ಆಸನದ ಮೇಲೆ ಹುಡುಗರು ಸಾಲಾಗಿ ಕೂತರು. ಆಯ್ದಿನ್ ಎಂದಿನಂತೆ ಕೊನೆಯಲ್ಲಿ, ಕಿಟಕಿಯ ಪಕ್ಕ. ನಾನು ಬಾಗಿಲ ಬಳಿ.

ಬಂದ ಕಾಫಿ ಆಯಿತು. ಮಾತಿನ ಕಾಫಿ ಬಂತು. ಮಾಂಸ ತುಂಬಿ ಸುರುಳಿ ಸುತ್ತಿ ಬೇಯಿಸಿದ ಬುರೆಕ್ ಬಂತು, ಪಾಕದಲ್ಲಿ ನೆನೆದ ಸಿಹಿ ಬಂತು, ಮತ್ತೆ ಮಾತಿನ ಕಾಫಿ ಬಂತು. ಝುಮ್ರೆತಾ ತನ್ನ ಪಿತ್ತಕೋಶದ ಆಪರೇಷನ್ನನ್ನು ಮೊದಲಿನಿಂದ ಕೊನೆಯ ತನಕ ಹೇಳಿದಳು. ಹೊಲಿಗೆ ಬಿಚ್ಚಿದ ದಿನಕ್ಕೆ ಬರುವಾಗ ಗಂಟೆ ಎರಡೂವರೆ. ಮೂರಕ್ಕೆ ಸೆನಾದ್ ಎದ್ದು ನಿಂತ.

"ತುಂಬಾ ಸಂತೋಷ ಅಜ್ಜಿ. ಸಹೋದರರೇ, ಹೊರಡೋಣ."

ಹುಡುಗರು ಅಲುಗಲಿಲ್ಲ.

"ಏಳ್ರೋ" ಎಂದ ಸೆನಾದ್.

ರಿಫೆತ್ ಪಿಸುಗುಟ್ಟಿದ: "ಅಣ್ಣ, ಇನ್ನೂ ಕೊಟ್ಟಿಲ್ಲ."

"ಏನು ಕೊಟ್ಟಿಲ್ಲ?"

"ಏಳೋ ಕಾಫಿ."

ಸೆನಾದ್‌ಗೆ ಅರ್ಥವೇ ಆಗಲಿಲ್ಲ. ಹೇಗೆ ಆಗಬೇಕು? ಅವನು ಊರು ಬಿಟ್ಟಾಗ ಒಂಬತ್ತು ವರ್ಷ. ಒಂಬತ್ತು ವರ್ಷದವರಿಗೆ ಯಾರು ಕಾಫಿ ಕೊಡುತ್ತಾರೆ? ಅವನು ಮಿರ್ನೆಸ್‌ನ ಕಡೆ ನೋಡಿದ. ಮಿರ್ನೆಸ್ ನೆಲ ನೋಡುತ್ತಾ, "ಅಜ್ಜಿಗೆ ಅವಮಾನ ಆಗುತ್ತೆ. ಇನ್ನೊಂದು ಐದು ನಿಮಿಷ" ಎಂದ.

ಸೆನಾದ್ ಕೂತ. ಝುಮ್ರೆತಾ ಇನ್ನೊಂದು ಪಾತ್ರೆ ಕಾಫಿ ಇಟ್ಟಳು. ಗಟ್ಟಿ ಕಾಫಿ, ನೊರೆ ಬಟ್ಟಲಿನ ಅಂಚಿಗೆ ಬರುವಂಥದ್ದು. ಮೂರೂವರೆಗೆ ಅವನು ಮತ್ತೆ ಎದ್ದ, ಯಾರೂ ಏಳಲಿಲ್ಲ. ನಾಲ್ಕಕ್ಕೆ ಮತ್ತೆ ಎದ್ದ. ಆ ಹೊತ್ತಿಗೆ ಹತ್ತು ಬಟ್ಟಲು ಕಾಫಿ ಅವನ ರಕ್ತದಲ್ಲಿ ಓಡಾಡುತ್ತಿತ್ತು. ಕಣ್ಣುಗುಡ್ಡೆಗಳು ಹೊರಗೆ ಬಂದಿದ್ದವು.

"ನೀವು ಗಂಡಸರೇನ್ರೋ?" ಎಂದು ಕಿರುಚಿದ. "ಯುದ್ಧಕ್ಕೆ ಹೊರಟೋರು ಒಂದು ಬಟ್ಟಲು ಕಾಫಿಗೆ ಹೆದರ್ತೀರಾ?"

ಝುಮ್ರೆತಾ ಕಾಫಿ ಬೀಸುತ್ತಿದ್ದ ಕೈ ನಿಲ್ಲಿಸಿದಳು.

"ಜರ್ಮನಿಯಲ್ಲಿ ಯುದ್ಧ ಶುರುವಾಯ್ತಾ ಸೆನಾದ್? ಟಿವಿಯಲ್ಲಿ ಹೇಳ್ಲೇ ಇಲ್ವಲ್ಲ."

ನನಗೆ ನಗು ತಡೆಯಲಾಗಲಿಲ್ಲ, ರಿಫೆತ್‌ಗೂ ತಡೆಯಲಾಗಲಿಲ್ಲ. ಸಿಂಹ ಮೂಗಿನಲ್ಲಿ ಕಾಫಿ ತರಿಸಿಕೊಂಡು ಕೆಮ್ಮಿತು. ಸೆನಾದ್ ಕೆಂಪಾಗಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಬೂಟಿನ ಲೇಸು ಕಟ್ಟತೊಡಗಿದ. "ಐದಕ್ಕೆ ವ್ಯಾನು ಹೊರಡುತ್ತೆ. ಬರೋರು ಬನ್ನಿ" ಎಂದು ಅಲ್ಲಿಂದಲೇ ಕೂಗಿದ.

ಮಿರ್ನೆಸ್ ನಗಲಿಲ್ಲ. ಅವನು ಇಂದೋ ನಾಳೆಯೋ ಹೋಗುವವನೇ ಎಂದು ಅವನ ಮುಖ ನೋಡಿದಾಗ ನನಗನ್ನಿಸಿತು. ಝುಮ್ರೆತಾಳಿಗೂ ಅನ್ನಿಸಿರಬೇಕು. ಬೀಸುವ ಯಂತ್ರವನ್ನು ಕೆಳಗಿಟ್ಟು ಅವನ ಮುಂದೆ ನೆಲದ ಮೇಲೆ ಕೂತಳು. ನಾನು ಕೇಳಿದ್ದರಲ್ಲೇ ಸಣ್ಣ ದನಿಯಲ್ಲಿ ಮಾತಾಡಿದಳು.

"ಅವನು ನಿನಗೆ ಏನು ಕೊಟ್ಟ ಮಗಾ? ನಾನು ಕೊಡದೇ ಇದ್ದಿದ್ದು?"

"ಏನೂ ಇಲ್ಲ ಅಜ್ಜಿ."

"ಹೇಳು."

"ಏನೂ ಕೊಟ್ಟಿಲ್ಲ. ನೀನೇನಂತೀಯ ಅಂತ ಕೇಳ್ದ. ಅಷ್ಟೇ. ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳಿರ್ಲಿಲ್ಲ."

ಝುಮ್ರೆತಾ ಇನ್ನಷ್ಟು ಹತ್ತಿರ ಸರಿದು ಕೂತಳು. ಆಮೇಲೆ, "ನೀನೇನಂತೀಯ?" ಎಂದಳು.

ಹುಡುಗ ಶುರುಮಾಡಿದ. ಮೊದಲು ಸಿರಿಯಾದ ಬಗ್ಗೆ ಎರಡು ಮಾತು, ಸೆನಾದ್ ಹೇಳಿಕೊಟ್ಟದ್ದು. ಅದು ಬೇಗ ಮುಗಿಯಿತು. ಆಮೇಲೆ ಬಲ್ಬಿನ ವಿಷಯ ಬಂತು. ಅವತ್ತು ಹೊಳೆಯ ದಾರಿಯಲ್ಲಿ ಸಾಯೋಣ ಎನ್ನಿಸಿತ್ತಂತೆ. ಊರೆಲ್ಲ ನಕ್ಕದ್ದು ಹೇಳುವಾಗ ಅವನು ನನ್ನ ಕಡೆ ನೋಡಲಿಲ್ಲ, ನಾನೇ ತಲೆ ತಗ್ಗಿಸಿದೆ. ಆಮೇಲೆ ವಿದ್ಯುತ್ ಕೇಂದ್ರದ ವಿಷಯ. ಅಲ್ಲಿಯ ಎರಡನೇ ಯಂತ್ರ ಯಾಕೆ ಪದೇ ಪದೇ ನಿಂತುಹೋಗುತ್ತದೆ, ಅದನ್ನು ಹೇಗೆ ಸರಿಮಾಡಬಹುದು, ಅದಕ್ಕೆ ಯಾವ ತಂತಿ ಎಲ್ಲಿಂದ ಎಲ್ಲಿಗೆ. ಬೆರಳಿನಿಂದ ಮೇಜುಬಟ್ಟೆಯ ಮೇಲೆ ಗೀಚಿ ಗೀಚಿ ತೋರಿಸಿದ. ಝುಮ್ರೆತಾಳಿಗೆ ಒಂದಕ್ಷರ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಆದರೆ ಅವಳು ತುಟಿ ಬಿಚ್ಚಲಿಲ್ಲ. ವೆಹ್ಬಿಯಾ ಬದುಕಿದ್ದು ಇದನ್ನು ನೋಡಿದ್ದರೆ ಹೊಟ್ಟೆಕಿಚ್ಚಿನಿಂದಲೇ ಸಾಯುತ್ತಿದ್ದ. ಅವಳು ಮಾಡಿದ್ದು ಒಂದೇ, ಕಣ್ಣು ಮೊಮ್ಮಗನ ಮೇಲಿಟ್ಟು ಕೈಯಿಂದ ಎಲ್ಲರ ಬಟ್ಟಲಿಗೆ ಕಾಫಿ ಸುರಿಯುತ್ತಾ ಹೋದಳು.

ಐದಕ್ಕೆ ವ್ಯಾನು ಹಾರ್ನ್ ಮಾಡಿತು. ಮಿರ್ನೆಸ್ ತಂತಿಯ ನಡುವೆ ಇದ್ದ, ಕೇಳಿಸಿಕೊಳ್ಳಲೇ ಇಲ್ಲ. ಇನ್ನೊಮ್ಮೆ ಹಾರ್ನ್ ಆಯಿತು. ರಿಫೆತ್ ಸಿಹಿಯ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಇನ್ನಷ್ಟು ಒರಗಿದ. ಯಾರೋ ಮೆಲ್ಲಗೆ "ವಂದನೆ ಅಜ್ಜಿ" ಎಂದಂತಾಯಿತು. ನನ್ನ ಕಾಲು ದಾಟಿ ಯಾರೋ ಹೋದರು. ಬಚ್ಚಲಿಗೆ ಹೋಗುತ್ತಿರಬೇಕು ಎಂದುಕೊಂಡು ಕಾಲು ಮಡಚಿ ದಾರಿ ಬಿಟ್ಟೆ. ವ್ಯಾನು ಹೊರಟಿತು, ಸದ್ದು ದೂರವಾಯಿತು. ಝುಮ್ರೆತಾ ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕಳು. ಗೆದ್ದೆವು ಎಂದು ನಾನೂ ನಕ್ಕೆ.

"ಆಯ್ದಿನ್ ಎಲ್ಲಿ?" ಎಂದ ರಿಫೆತ್.

ಬಚ್ಚಲಿನಲ್ಲಿ ಇರಲಿಲ್ಲ. ಬಾಗಿಲಲ್ಲಿ ಅವನ ಹಳೇ ಚಪ್ಪಲಿ ಇರಲಿಲ್ಲ. ಕಿಟಕಿಯ ಪಕ್ಕ ಅವನ ಬಟ್ಟಲು ಖಾಲಿಯಾಗಿ ಕೂತಿತ್ತು. ಝುಮ್ರೆತಾ ಅದನ್ನೆತ್ತಿ ಬೆಳಕಿಗೆ ಹಿಡಿದಳು. ತಳದಲ್ಲಿ ಉಳಿದದ್ದು ತೆಳು ನೀರು. ಪಾತ್ರೆ ಖಾಲಿಯಾಗುತ್ತಾ ಬಂದಿತ್ತು. ಅವಳು ನೋಡದೆ ಬಿಸಿನೀರು ಸುರಿದು ಕೊನೆಯ ಗಸಿಯನ್ನು ಕೊನೆಯಲ್ಲಿ ಕೂತವನಿಗೆ ಹೊಯ್ದಿದ್ದಳು. ಒಳ್ಳೆಯ ಮನೆತನದ ಹುಡುಗ. ಏಳುವ ಕಾಫಿ ಬಂತೆಂದು ಕುಡಿದು, ವಂದಿಸಿ, ಎದ್ದು ಹೋಗಿದ್ದ.

"ಕತ್ತರಿ, ಕಾರು ತೆಗಿ" ಎಂದಳು ಝುಮ್ರೆತಾ.

ನನ್ನ ಕಾರಿಗೆ ಆಗ ಇಪ್ಪತ್ತಾರು ವರ್ಷ. ಇಳಿಜಾರಿನಲ್ಲಿ ಮಾತ್ರ ಅದಕ್ಕೆ ಉತ್ಸಾಹ. ಮಿರ್ನೆಸ್ ಮತ್ತು ರಿಫೆತ್ ತಳ್ಳಿಕೊಟ್ಟು ಊರಲ್ಲೇ ಉಳಿದರು. ರಿಫೆತ್ ಜೀವನದಲ್ಲಿ ಮೊದಲ ಸಲ ಸಿಂಹದಂತೆ ಕಂಡ. ಸುಹಾಡೋಲಿನಿಂದ ಹೊರಗೆ ಹೋಗಲು ಒಂದೇ ದಾರಿ. ಆ ದಾರಿಯಲ್ಲಿ ಹದಿನಾಲ್ಕನೇ ಕಿಲೋಮೀಟರಿನಲ್ಲಿ ಒಂದು ಪೆಟ್ರೋಲ್ ಬಂಕು. ಹತ್ತು ಹನ್ನೆರಡು ಬಟ್ಟಲು ಕಾಫಿ ಕುಡಿದವನು ಅದನ್ನು ದಾಟಿ ಹೋಗಲಾರ ಎಂದು ಝುಮ್ರೆತಾ ಲೆಕ್ಕ ಹಾಕಿದ್ದಳು, ಲೆಕ್ಕ ಸರಿಯಾಗಿತ್ತು. ಬಿಳಿ ವ್ಯಾನು ಅಲ್ಲೇ ನಿಂತಿತ್ತು. ಸೆನಾದ್ ಶೌಚಾಲಯದ ಸಾಲಿನಲ್ಲಿ ಕಾಲು ಬದಲಿಸುತ್ತಾ ನಿಂತಿದ್ದ.

ಝುಮ್ರೆತಾ ಮನೆಯ ಚಪ್ಪಲಿಯಲ್ಲೇ ಇಳಿದು, ನೆಟ್ಟಗೆ ವ್ಯಾನಿನ ಹಿಂಬಾಗಿಲು ತೆಗೆದು, ಹಿಡಿ ಹಿಡಿದು, ಏದುಸಿರು ಬಿಡುತ್ತಾ ಹತ್ತಿ ಆಯ್ದಿನ್‌ನ ಪಕ್ಕ ಕೂತುಬಿಟ್ಟಳು.

ಸೆನಾದ್ ಓಡಿಬಂದ. "ಅಜ್ಜಿ, ಏನಿದು? ಇಳೀರಿ!"

"ನಾನೂ ಬರ್ತೀನಿ. ಹುಡುಗ ಒಬ್ಬನೇ ಹೋಗ್ತಿದ್ದಾನೆ, ಅಡುಗೆ ಮಾಡೋರು ಬೇಡ್ವಾ?"

"ನಿಮಗೆ ಹುಚ್ಚಾ?"

"ರಕ್ತದೊತ್ತಡದ ಮಾತ್ರೆ ಹದಿನಾಲ್ಕು ದಿನಕ್ಕಾಗುವಷ್ಟಿದೆ. ಅಷ್ಟರಲ್ಲಿ ಯುದ್ಧ ಮುಗಿಯುತ್ತೆ ತಾನೇ?"

ಕಾರ್ಖಾನೆಯ ದನಿ ವಾಪಸ್ ಬಂದಿತ್ತು. ಬಂಕಿನ ಹುಡುಗಿ ಹೊರಗೆ ಬಂದಳು. ಲಾರಿ ಚಾಲಕನೊಬ್ಬ ಬುರೆಕ್ ತಿನ್ನುತ್ತಾ ಹತ್ತಿರ ಬಂದು, "ಯಾವ ಯುದ್ಧ ಅಮ್ಮ?" ಎಂದು ವಿಚಾರಿಸಿದ. "ಈ ಗಡ್ಡದಪ್ಪನನ್ನ ಕೇಳಪ್ಪಾ, ಕರ್ಕೊಂಡು ಹೋಗ್ತಿರೋನು ಅವನು" ಎಂದಳು ಝುಮ್ರೆತಾ. ಸೆನಾದ್ ಸುತ್ತ ನೋಡಿದ. ಶೌಚಾಲಯದ ಸಾಲಿನಲ್ಲಿ ಬಿಟ್ಟುಬಂದ ಜಾಗವನ್ನೂ ನೋಡಿದ. ಆ ಮನುಷ್ಯನ ಸಂಕಟ ನೋಡಿ ನನಗೇ ಅಯ್ಯೋ ಅನ್ನಿಸಿತು, ಒಂದೇ ಒಂದು ಕ್ಷಣ.

ಆಯ್ದಿನ್ ಆಗ ಬಾಯಿ ಬಿಟ್ಟ. "ನೀವು ನನಗೆ ಏಳೋ ಕಾಫಿ ಕೊಟ್ರಿ ಅಜ್ಜಿ."

"ತಪ್ಪಾಯ್ತು ಮಗಾ. ನಾನು ನೋಡ್ಲಿಲ್ಲ."

"ಅವರಿಬ್ಬರಿಗೆ ಗಟ್ಟಿ ಕಾಫಿ, ನನಗೆ ಅದು. ನಾನು ಹೋಗ್ಲಿ ಅಂತ ನಿಮಗೂ ಇದೆ ಅಂದ್ಕೊಂಡೆ. ಎಲ್ಲರಿಗೂ ಇರೋ ಹಾಗೆ."

ಝುಮ್ರೆತಾ ಇಳಿಯಲು ಎದ್ದಳು. ಅವಳ ಮಂಡಿ ಹತ್ತುವುದಕ್ಕೆ ಹೇಗೋ ಒಪ್ಪುತ್ತದೆ, ಇಳಿಯುವುದಕ್ಕೆ ಒಪ್ಪುವುದಿಲ್ಲ. ನಾಟಕವೋ ನಿಜವೋ ನಾನು ಕೇಳಿಲ್ಲ. ಆಯ್ದಿನ್ ಕೆಳಗೆ ಹಾರಿ ಎರಡೂ ಕೈ ಚಾಚಿ ಅವಳನ್ನು ಇಳಿಸಿಕೊಂಡ. ಕಾಲು ನೆಲಕ್ಕೆ ತಾಗಿದ ಮೇಲೂ ಅವಳು ಅವನ ಕೈ ಬಿಡಲಿಲ್ಲ. ಸೆನಾದ್ ಬಾಗಿಲು ಧಡಾರನೆ ಹಾಕಿಕೊಂಡು ಹೊರಟುಹೋದ. ಶೌಚಾಲಯಕ್ಕೆ ಹೋಗದೆಯೇ ಹೋದ.

ಆಮೇಲೆ ಏನಾಯಿತೆಂದು ಜನ ಕೇಳುತ್ತಾರೆ. ಸೆನಾದ್ ಎರಡು ವರ್ಷದ ಮೇಲೆ ವಿಯೆನ್ನಾದ ಜೈಲು ಸೇರಿದ. ಮಿರ್ನೆಸ್ ಈಗ ಮೂರು ಹಳ್ಳಿಗಳ ವಿದ್ಯುತ್ ರಿಪೇರಿ ನೋಡಿಕೊಳ್ಳುತ್ತಾನೆ. ಆ ಎರಡನೇ ಯಂತ್ರ ಇವತ್ತಿಗೂ ನಿಲ್ಲುತ್ತದೆ, ಅವನನ್ನೇ ಕರೆಯುತ್ತಾರೆ, ಕೂಲಿ ತೆಗೆದುಕೊಂಡೇ ಬರುತ್ತಾನೆ. ರಿಫೆತ್ ಬೇಕರಿ ಇಟ್ಟಿದ್ದಾನೆ, ಅವನನ್ನು ಬನ್ನು ಎಂದು ಕರೆಯಲು ಈಗ ಯಾರಿಗೂ ಧೈರ್ಯವಿಲ್ಲ. ಆಯ್ದಿನ್ ತಾಯಿಯ ಜೊತೆ ಚರ್ಮದ ಕೆಲಸ ಮಾಡುತ್ತಾನೆ, ಹದಿನೇಳು ಕೂದಲನ್ನು ನನ್ನ ಹತ್ತಿರವೇ ತೆಗೆಸುತ್ತಾನೆ. ಹೊಳೆಯ ಆಚೆ ಊರಿನಿಂದ ಅದೇ ಬೇಸಿಗೆಯಲ್ಲಿ ಇಬ್ಬರು ಹುಡುಗರು ಸಿರಿಯಾಕ್ಕೆ ಹೋದರು, ಬರಲಿಲ್ಲ. ಅವರ ತಾಯಂದಿರೂ ಕಾಫಿ ಚೆನ್ನಾಗಿಯೇ ಮಾಡುತ್ತಿದ್ದರು. ಆದ್ದರಿಂದ ನಾವು ಜಾಣರೆಂದು ನಾನು ಹೇಳಿಕೊಳ್ಳುವುದಿಲ್ಲ.

ನನ್ನ ಮನಸ್ಸಿನಲ್ಲಿ ಉಳಿದಿರುವುದು ವಾಪಸ್ ಬಂದ ಆ ದಾರಿ. ಝುಮ್ರೆತಾ ನನ್ನ ಪಕ್ಕ ಮುಂದೆ ಕೂತಿದ್ದಳು. ತೋಳನ್ನು ಹಿಂದಕ್ಕೆ ತಿರುಚಿ ಆಯ್ದಿನ್‌ನ ಕೈ ಹಿಡಿದೇ ಇದ್ದಳು. ನಾಲ್ಕೈದು ಕಿಲೋಮೀಟರ್ ಹಾಗೇ ಬಂದೆವು.

"ಮನೆಗೆ ಹೋಗಿ ಹೊಸದಾಗಿ ಕಾಫಿ ಮಾಡ್ತೀನಿ" ಎಂದಳು ಅವಳು ಕೊನೆಗೆ. "ಮೊದಲ ಬಟ್ಟಲು ನಿನಗೆ. ಸಕ್ಕರೆ ಎಷ್ಟು ಹಾಕ್ಕೊಳ್ತೀಯಪ್ಪಾ?"

"ಹಾಕ್ಕೊಳಲ್ಲ ಅಜ್ಜಿ."

"ಮೂರು ವರ್ಷದಿಂದ ನಿನ್ನ ತಟ್ಟೆಗೆ ಎರಡು ತುಂಡು ಸಕ್ಕರೆ ಇಡ್ತಿದ್ದೀನಲ್ಲೋ! ದಿನಾ ತಿಂದಿದ್ದೀಯ!"

"ಹ್ಞೂಂ."

"ಬೇಡ ಅಂತ ಯಾಕೋ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

ಯುದ್ಧದಲ್ಲಿ ಅಳಿಯ ಸತ್ತಾಗ ಕಣ್ಣಲ್ಲಿ ನೀರು ಹಾಕದ ಹೆಂಗಸು ನನ್ನ ಪಕ್ಕದ ಸೀಟಿನಲ್ಲಿ ದನಿ ತೆಗೆದು ಅತ್ತಳು. ನಾನು ಕಾರು ಓಡಿಸುತ್ತಿದ್ದೆ, ರಸ್ತೆಯನ್ನೇ ನೋಡಿಕೊಂಡಿದ್ದೆ.